ಬ್ರೇಕಪ್ ಆದಮೇಲಿನ ಹಗುರ ಪ್ರೇಮಕತೆ: ಕನ್ನಡದಲ್ಲಿ ಬರೆಯುವುದು ಹೇಗೆ?

ಪ್ರೀತಿ ಮುರಿದ ಹುಡುಗಿಯ ಕತೆ ಅಂದರೆ ನಮ್ಮಲ್ಲಿ ಎರಡು ದಾರಿ ಸವೆದು ಹೋಗಿವೆ. ಒಂದರಲ್ಲಿ ಅವಳು ಕೊನೆಯ ಪುಟದವರೆಗೂ ಅಳುತ್ತಾಳೆ. ಇನ್ನೊಂದರಲ್ಲಿ ಮೂರನೇ ಅಧ್ಯಾಯಕ್ಕೇ ಇನ್ನೊಬ್ಬ ಹುಡುಗ ಬಂದು ಕಣ್ಣೀರು ಒರೆಸಿ ಬಿಡುತ್ತಾನೆ. ಇವೆರಡರ ನಡುವೆ ತುಂಬಾ ಜಾಗ ಖಾಲಿ ಇದೆ. ಅಲ್ಲಿ ಹುಡುಗಿ ಅಳುತ್ತಾಳೆ. ಅತ್ತು ಸಾಕಾದ ಮೇಲೆ ಹೊಟ್ಟೆ ಹಸಿಯುತ್ತದೆ. ಎದ್ದು ಹೋಗಿ ಅವಲಕ್ಕಿ ಒಗ್ಗರಣೆ ಹಾಕಿಕೊಳ್ಳುತ್ತಾಳೆ. ಅವಲಕ್ಕಿ ಚೆನ್ನಾಗಿದೆ ಅಂತ ಅನಿಸಿದ್ದಕ್ಕೆ ಅವಳಿಗೇ ಆಶ್ಚರ್ಯ ಆಗುತ್ತದೆ. ನಾನು ಹೇಳುತ್ತಿರುವುದು ಆ ಜಾಗದ ಕತೆ.

ನಮ್ಮ ಓದುಗರಿಗೆ ಕಂತಿನ ಪ್ರೇಮಕತೆ ಹೊಸದಲ್ಲ. 1965ರಲ್ಲಿ ಶುರುವಾದ ಸುಧಾದಂಥ ವಾರಪತ್ರಿಕೆಗಳ ಧಾರಾವಾಹಿಗಾಗಿ ಮನೆಮಂದಿ ಕಾದಿದ್ದಾರೆ, ಮುಂದಿನ ವಾರ ಏನಾಗುತ್ತೋ ಅಂತ ಪಕ್ಕದ ಮನೆಯವರ ಜೊತೆ ವಾದ ಮಾಡಿದ್ದಾರೆ. ಈಗ ಅದೇ ಓದು ಮೊಬೈಲಿಗೆ ಬಂದಿದೆ. ಓದುವ ಹೆಣ್ಣುಮಕ್ಕಳು ಬದಲಾಗಿದ್ದಾರೆ. ಸ್ವಂತ ಸಂಬಳ ಇದೆ, ಸ್ವಂತ ಗಾಡಿ ಇದೆ, ಒಂದು ಸಂಬಂಧ ಮುರಿದರೆ ಬದುಕು ಮುಗಿಯಿತು ಅಂತ ಅವರು ನಂಬುವುದಿಲ್ಲ. ಅವರಿಗಾಗಿ ಬರೆಯುವವರು ಇನ್ನೂ ಜಾಸ್ತಿ ಬೇಕು. ಅದಕ್ಕೇ ಈ ಲೇಖನ.

ಸುಮಾರು 200 ಪುಟದ ಕಾದಂಬರಿಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗೆ ಸಿಂಧು ಅನ್ನುವ ಹುಡುಗಿಯನ್ನು ಇಲ್ಲೇ ಸೃಷ್ಟಿ ಮಾಡೋಣ. ವಯಸ್ಸು 30. ಬೆಂಗಳೂರಿನ ಒಂದು ಇನ್ಷೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ನೋಡುವ ಕೆಲಸ. ಅಪ್ಪ ಅಮ್ಮ ಹನುಮಂತನಗರದಲ್ಲಿ.

ಹೆಜ್ಜೆ 1: ಮುರಿದದ್ದು ಏನು, ಗೊತ್ತು ಮಾಡಿಕೊಳ್ಳಿ

ಎಲ್ಲ ಬ್ರೇಕಪ್ಪೂ ಒಂದೇ ಥರ ಇರುವುದಿಲ್ಲ. ಮನೆಯಲ್ಲಿ ಗೊತ್ತೇ ಇಲ್ಲದ ಪ್ರೀತಿ ಮುರಿದರೆ ಹುಡುಗಿ ಅಳುವುದಕ್ಕೂ ಬಚ್ಚಲುಮನೆಯ ನಲ್ಲಿ ತಿರುಗಿಸಬೇಕು. ಒಟ್ಟಿಗೆ ಮನೆ ಮಾಡಿದ್ದವರು ಬೇರೆಯಾದರೆ ಫ್ರಿಜ್ಜು ಯಾರಿಗೆ, ಮನೆ ಅಡ್ವಾನ್ಸ್ ಯಾರಿಗೆ ಅನ್ನುವ ಲೆಕ್ಕ ಬರುತ್ತದೆ. ವಿಚ್ಛೇದನ ಆದರೆ ಕೋರ್ಟು, ವಕೀಲರು, ಎರಡು ಕುಟುಂಬ. ಅದನ್ನೂ ಹಗುರವಾಗಿ ಬರೆಯಬಹುದು, ಆದರೆ ಮೊದಲ ಪುಸ್ತಕಕ್ಕೆ ಬೇಡ ಅಂತ ನನ್ನ ಸಲಹೆ.

ನನಗೆ ಇಷ್ಟ ನಿಶ್ಚಿತಾರ್ಥ ಮುರಿದ ಕತೆ. ಅದರಲ್ಲಿ ಕಣ್ಣಿಗೆ ಕಾಣುವ ಸಾಮಾನು ತುಂಬಾ ಉಳಿಯುತ್ತದೆ. ವಾಪಸ್ ಕೊಡಬೇಕಾದ ಉಂಗುರ, ಬ್ಲೌಸ್ ಹೊಲಿಸಿಯಾದ ಸೀರೆ, ಛತ್ರಕ್ಕೆ ಕೊಟ್ಟ ಅಡ್ವಾನ್ಸ್, ಅಚ್ಚಾಗಿ ಬಂದ ಲಗ್ನಪತ್ರಿಕೆ. ಜೊತೆಗೆ ವಿಷಯ ಊರಿಗೆಲ್ಲ ಗೊತ್ತು, ಬಚ್ಚಿಡುವ ಹಾಗಿಲ್ಲ.

ಸಿಂಧು ನಿಖಿಲನನ್ನು 4 ವರ್ಷ ಪ್ರೀತಿಸಿದಳು. ಮನೆಯವರು ಒಪ್ಪಿದರು. ಮದುವೆಗೆ ಆರು ವಾರ ಇದ್ದಾಗ ಅವನು "ನನ್ನ ಕೈಲಿ ಆಗ್ತಿಲ್ಲ ಸಿಂಧು" ಅಂದ. ಇಷ್ಟನ್ನು ಮೊದಲ ಅಧ್ಯಾಯದ ಎರಡನೇ ಪುಟದೊಳಗೆ ಹೇಳಿ ಮುಗಿಸಿ. ಕತೆ ಶುರುವಾಗಬೇಕಾದದ್ದು ಅದಾದ ಮೇಲಿನ ಒಂದು ಸಾಧಾರಣ ಬೆಳಗ್ಗೆ.

ಸಿಂಧುವಿನ ಅಮ್ಮನಿಗೆ ಒಳ್ಳೆ ಕಾಗದ ಬಿಸಾಡಲು ಮನಸ್ಸು ಬರುವುದಿಲ್ಲ ಅಂತಿಟ್ಟುಕೊಳ್ಳಿ. ಮುನ್ನೂರು ಲಗ್ನಪತ್ರಿಕೆ ಕಪಾಟಿನಲ್ಲಿ ಕೂತಿವೆ. ಗಣಪತಿ ಚಿತ್ರ ಇರುವ ಹಾಳೆಯನ್ನು ಬೇರೆ ತೆಗೆದು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಒಳಗಿನ ಹಾಳೆಯ ಖಾಲಿ ಬೆನ್ನಿನ ಮೇಲೆ ದಿನಸಿ ಪಟ್ಟಿ ಬರೆಯುತ್ತಾರೆ. ಸಿಂಧು ಆ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾಳೆ. ಅಂಗಡಿಯವರು ಓದುತ್ತಾರೆ: ತೊಗರಿಬೇಳೆ 2 ಕೆಜಿ, ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೆಜಿ, ಊದಿನಕಡ್ಡಿ. ಇನ್ನೂ ಏನಾದರೂ ಇದೆಯಾ ಅಂತ ಹಾಳೆ ತಿರುಗಿಸುತ್ತಾರೆ. ಅಲ್ಲಿ ಚಿ. ಕುಂ. ಸೌ. ಸಿಂಧು.

"ಏನಮ್ಮಾ, ಮದುವೆನಾ? ಹೇಳ್ಲೇ ಇಲ್ವಲ್ಲ!"

"ಇಲ್ಲ ಅಂಕಲ್. ಅದು ಕ್ಯಾನ್ಸಲ್ ಆಯ್ತು. ಬೇಳೆ ಮಾತ್ರ ಬೇಕು."

ಇಲ್ಲಿ ಯಾರೂ ಜೋಕ್ ಹೇಳಿಲ್ಲ. ಅಮ್ಮ ಮನೆಯ ಖರ್ಚು ನೋಡಿದ್ದಾರೆ, ಅಂಗಡಿಯವರು ಪ್ರೀತಿಯಿಂದ ಕೇಳಿದ್ದಾರೆ, ಸಿಂಧು ನಿಜ ಹೇಳಿದ್ದಾಳೆ. ಆದರೂ ಓದುವವರ ಮುಖದಲ್ಲಿ ನಗು ಬರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಇಡೀ ಪುಸ್ತಕಕ್ಕೆ ಇದೇ ಧಾಟಿ ಇಟ್ಟುಕೊಳ್ಳಿ.

ಹೆಜ್ಜೆ 2: ಅವಳು ಬಿಟ್ಟುಕೊಟ್ಟದ್ದರ ಪಟ್ಟಿ ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೇನೆ ಅಂದರೆ ಇದನ್ನು ಪಾಲಿಸಿ. "ತನ್ನನ್ನು ತಾನು ಕಂಡುಕೊಂಡಳು" ಅಂತ ಬರೆಯುವುದು ಸುಲಭ. ಆದರೆ ಅವಳು ಕಳೆದುಕೊಂಡದ್ದು ಏನು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಅವಳು ಕಂಡುಕೊಳ್ಳುವುದಾದರೂ ಏನನ್ನು? ಬೆಟ್ಟ ಹತ್ತಿಸಿ, ಸೂರ್ಯೋದಯ ತೋರಿಸಿ, "ಅವಳಿಗೆ ಹೊಸ ಬೆಳಕು ಕಂಡಿತು" ಅಂತ ಮುಗಿಸಬೇಕಾಗುತ್ತದೆ. ಮಲೆನಾಡಿನ ಹೋಂಸ್ಟೇಗೆ ಕಳಿಸಿ ಬದುಕು ಬದಲಾಯಿಸುವ ಕತೆಗಳು ಈಗಾಗಲೇ ಸಾಕಷ್ಟಿವೆ. ನಿಮ್ಮ ಹುಡುಗಿ ಇರುವ ಊರಲ್ಲೇ ಇರಲಿ, ಸೋಮವಾರ ಕೆಲಸಕ್ಕೂ ಹೋಗಲಿ.

ಒಂದು ಹಾಳೆ ತೆಗೆದುಕೊಂಡು, ಆ ಸಂಬಂಧದಲ್ಲಿ ಅವಳು ಸದ್ದಿಲ್ಲದೆ ಬಿಟ್ಟುಕೊಟ್ಟ ಸಣ್ಣ ಸಣ್ಣ ವಿಷಯ ಬರೆಯಿರಿ. ಯಾರೂ ಬಲವಂತ ಮಾಡಿರಬಾರದು. ಅದು ಮುಖ್ಯ. ಸಿಂಧುವಿನ ಪಟ್ಟಿ ಹೀಗಿರಬಹುದು. ನಿಖಿಲ್ ಟೀ ಕುಡಿಯುತ್ತಾನೆ, ಹಾಗಾಗಿ ಇವಳೂ ಟೀಗೆ ಬಂದಳು, ಕಾಫಿ ಫಿಲ್ಟರ್ ಅಟ್ಟಕ್ಕೆ ಹೋಯಿತು. ಭಾನುವಾರ ಬೆಳಗ್ಗೆ ಸುಗಮ ಸಂಗೀತದ ಕ್ಲಾಸ್ ಇತ್ತು. ಅವನಿಗೆ ಬಿಡುವು ಇರುವುದು ಭಾನುವಾರ ಮಾತ್ರ, ಹಾಗಾಗಿ ಕ್ಲಾಸ್ ನಿಂತಿತು. ಅವನ ಬೈಕಿನ ಹಿಂದೆ ಕೂತು ಅಭ್ಯಾಸವಾಗಿ ಅವಳ ಸ್ಕೂಟಿಯ ಬ್ಯಾಟರಿ ಸತ್ತುಹೋಯಿತು. ಕಾಲೇಜಿನ ಗೆಳತಿ ರೇಖಾಗೂ ಅವನಿಗೂ ಆಗಿಬರುತ್ತಿರಲಿಲ್ಲ, ಫೋನು ತಿಂಗಳಿಗೊಮ್ಮೆ ಆಯಿತು, ಆಮೇಲೆ ಹುಟ್ಟುಹಬ್ಬಕ್ಕೆ ಒಂದು ಮೆಸೇಜ್. ಇನ್ನೊಂದು: ಒಮ್ಮೆ ಹೋಟೆಲಿನಲ್ಲಿ ಅವಳು ನಕ್ಕಾಗ ಅವನು ಸುತ್ತ ನೋಡಿ "ಮೆಲ್ಲಗೆ" ಅಂದಿದ್ದ. ಅಂದಿನಿಂದ ಅವಳು ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ.

ಇಂಥ ಹತ್ತು ಹನ್ನೆರಡು ವಿಷಯ ಬಂದರೆ ನಿಮ್ಮ ಕತೆಯ ಹೊಟ್ಟೆ ತುಂಬಿತು. ಪ್ರತಿ ಎರಡು ಮೂರು ಅಧ್ಯಾಯಕ್ಕೆ ಒಂದೊಂದು ವಾಪಸ್ ಬರಲಿ. ಎಲ್ಲವೂ ವಾಪಸ್ ಬರಬೇಕಾಗಿಲ್ಲ. ಸಿಂಧು ಸಂಗೀತದ ಕ್ಲಾಸಿಗೆ ಮತ್ತೆ ಹೋಗುತ್ತಾಳೆ, ಎರಡು ವಾರ ಹಾಡುತ್ತಾಳೆ, ಹಾಡುವುದು ಈಗ ತನಗೆ ಅಷ್ಟು ಬೇಕಾಗಿಲ್ಲ ಅಂತ ಅವಳಿಗೇ ಗೊತ್ತಾಗುತ್ತದೆ. ಇಷ್ಟು ದಿನ ಅದನ್ನು ನಿಖಿಲನ ಲೆಕ್ಕಕ್ಕೆ ಬರೆದಿದ್ದಳು. ಈ ಥರದ ಒಂದು ಅಧ್ಯಾಯ ಇಲ್ಲದಿದ್ದರೆ ಪುಸ್ತಕ ತೀರಾ ಸಲೀಸಾಗುತ್ತದೆ.

ವಾಪಸ್ ಬರುವ ದೃಶ್ಯವನ್ನು ಹತ್ತಿರದಿಂದ ಬರೆಯಿರಿ. "ಅವಳು ಮತ್ತೆ ಕಾಫಿ ಕುಡಿಯಲು ಶುರು ಮಾಡಿದಳು" ಅಂದರೆ ಏನೂ ಆಗಲಿಲ್ಲ. ಹೀಗೆ ಮಾಡಿ ನೋಡಿ:

ಸ್ಟೂಲ್ ಹಾಕಿ ಅಟ್ಟದಿಂದ ಫಿಲ್ಟರ್ ಇಳಿಸಿದಳು. ಮೇಲಿನ ಡಬ್ಬದ ತೂತೆಲ್ಲ ಮುಚ್ಚಿಹೋಗಿದ್ದವು. ಅಜ್ಜಿ ಮಾಡುತ್ತಿದ್ದ ಹಾಗೆ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಕೆಂಪಗಾಗುವವರೆಗೆ ಕಾಯಿಸಿ, ತಣ್ಣಗಾದ ಮೇಲೆ ಕೊಡವಿದಳು. ಸೀದ ಪುಡಿಯ ವಾಸನೆ ಅಡುಗೆಮನೆ ತುಂಬಿತು. ಗಾಂಧಿ ಬಜಾರಿನಲ್ಲಿ ಆಗಷ್ಟೇ ಬೀಸಿಸಿ ತಂದ ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಿಟ್ಟು ಕೂತಳು. ಹತ್ತು ನಿಮಿಷ ಆದರೂ ಒಂದು ತೊಟ್ಟೂ ಇಳಿಯಲಿಲ್ಲ. ಚಮಚದಿಂದ ಎರಡು ಏಟು ಕೊಟ್ಟಳು. ಟಪ್. ಇನ್ನೊಂದು ಟಪ್. ಅಡುಗೆಮನೆಯ ನೆಲದ ಮೇಲೆ ಕೂತು ಕಿವಿ ಹಚ್ಚಿ ಕೇಳಿದಳು. ನಿಖಿಲ್ ಬಿಟ್ಟುಹೋದ ಮೇಲೆ ಅವಳು ಯಾವುದಕ್ಕಾದರೂ ಹೀಗೆ ಆಸೆಯಿಂದ ಕಾದದ್ದು ಇದೇ ಮೊದಲು.

ಕೊನೆಯ ವಾಕ್ಯದಲ್ಲಿ ಬಿಟ್ಟರೆ ಎಲ್ಲೂ ಅವಳ ಮನಸ್ಸಿನ ಮಾತಿಲ್ಲ. ಕೈ ಏನು ಮಾಡುತ್ತಿದೆ ಅಂತ ಬರೆಯುತ್ತಾ ಹೋದರೆ ಮನಸ್ಸು ತಾನಾಗೇ ಕಾಣುತ್ತದೆ.

ಹೆಜ್ಜೆ 3: ಹಳೆ ಹುಡುಗನನ್ನು ಖಳನಾಯಕ ಮಾಡಬೇಡಿ

ನಿಖಿಲ್ ಮೋಸಗಾರ ಆದರೆ ಸಿಂಧು ಅವನನ್ನು ಬೈದುಕೊಂಡು ಆರಾಮಾಗಿ ಇರಬಹುದು. ಕತೆ ಅಲ್ಲಿಗೆ ನಿಲ್ಲುತ್ತದೆ. ಅವನು ಒಳ್ಳೆಯವನಾಗಿದ್ದು, ಇವಳಿಗೆ ಹೊಂದದವನಾಗಿದ್ದರೆ ಅವಳು ತನ್ನ ಕಡೆಗೇ ನೋಡಿಕೊಳ್ಳಬೇಕಾಗುತ್ತದೆ. ನಾನು ಯಾಕೆ ಟೀ ಕುಡಿದೆ? ಅವನು ಕೇಳಿದ್ದನಾ? ಈ ಪ್ರಶ್ನೆ ಅರ್ಧ ಪುಸ್ತಕ ಆದಮೇಲೆ ಬರಲಿ.

ಅವನು ಪುಸ್ತಕದಲ್ಲಿ ಮೂರು ಸಲ ಬಂದರೆ ಸಾಕು. ಮೊದಲ ಅಧ್ಯಾಯದಲ್ಲಿ ಒಮ್ಮೆ. ನಡುವೆ ಸಾಮಾನು ವಾಪಸ್ ಕೊಡುವಾಗ ಒಮ್ಮೆ. ಅವಳು ಸಂತೋಷವಾಗಿರುವಾಗ ಆಕಸ್ಮಿಕವಾಗಿ ಒಮ್ಮೆ. ಉಳಿದಂತೆ ಅವನು ಬರುವುದು ಮೊಬೈಲಿನಲ್ಲಿ. ಯುಪಿಐ ಆ್ಯಪಿನಲ್ಲಿ ಅವನ ಹೆಸರು ಒತ್ತಿದರೆ 4 ವರ್ಷದ ಲೆಕ್ಕ ಕಾಣುತ್ತದೆ: ಮಸಾಲೆ ಪುರಿ 40, ಆಟೋ 120, ಸಿನಿಮಾ 560, ಸಾರಿ 1. ಜಗಳ ಆದಾಗ ಒಂದು ರೂಪಾಯಿ ಕಳಿಸಿ ಅದರ ಜೊತೆ "ಸಾರಿ" ಅಂತ ಬರೆದಿದ್ದ. ಹಳೆ ಪ್ರೇಮಪತ್ರದ ಕಟ್ಟನ್ನು ಬಿಚ್ಚುವ ದೃಶ್ಯಕ್ಕಿಂತ ಈಗಿನ ಓದುಗರಿಗೆ ಇದು ಬೇಗ ತಾಗುತ್ತದೆ.

ಹೆಜ್ಜೆ 4: ಕತೆಯ ಅವಧಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ

ಇಂಥ ಕತೆಗಳಲ್ಲಿ ದೊಡ್ಡ ಘಟನೆ ಕಡಿಮೆ. ಹಾಗಾಗಿ ಕಾಲ ಓಡುತ್ತಿದೆ ಅಂತ ಗೊತ್ತಾಗಲು ಗಟ್ಟಿ ಚೌಕಟ್ಟು ಬೇಕು. ನಮ್ಮಲ್ಲಿ ಅದು ರೆಡಿ ಇದೆ: ಬಾಡಿಗೆ ಕರಾರು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸಲು ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಸಿಂಧು ಏಪ್ರಿಲ್ ಒಂದನೇ ತಾರೀಕು ಗವಿಪುರದಲ್ಲಿ ಎರಡನೇ ಮಹಡಿಯ ಚಿಕ್ಕ ಮನೆಗೆ ಒಬ್ಬಳೇ ಬರುತ್ತಾಳೆ. ಕರಾರು ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಅಷ್ಟೇ ನಿಮ್ಮ ಕಾದಂಬರಿ.

ಈ 11 ತಿಂಗಳಲ್ಲಿ ಹಬ್ಬಗಳು ಒಂದಾದ ಮೇಲೊಂದು ಬರುತ್ತವೆ, ಒಂದೊಂದೂ ನಿಮಗೆ ಒಂದು ಅಧ್ಯಾಯ ಕೊಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಅಂದರೆ ಮದುವೆ ಕರೆಯೋಲೆ ಇಲ್ಲ, "ನಿಂದು ಯಾವಾಗ" ಅನ್ನುವವರಿಲ್ಲ. ಬೇರೆಯವರಿಗೆ ಅಶುಭ ಅನಿಸುವ ತಿಂಗಳು ಸಿಂಧುವಿಗೆ ವರ್ಷದಲ್ಲೇ ನೆಮ್ಮದಿಯ ತಿಂಗಳು. ಶ್ರಾವಣ ಬಂದ ಕೂಡಲೇ ಲಗ್ನಪತ್ರಿಕೆಗಳ ಸಾಲು. ವರಮಹಾಲಕ್ಷ್ಮಿಗೆ ಓನರ್ ಆಂಟಿ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ, ಅಲ್ಲಿ ಹತ್ತು ಹೆಂಗಸರು, ಹತ್ತು ಗಂಡಿನ ಪ್ರಸ್ತಾಪ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಎದುರು ಕಡಲೆಕಾಯಿ ಪರಿಷೆ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ದೇವಸ್ಥಾನದಲ್ಲಿ ಬಿಸಿ ಹುಗ್ಗಿ. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಹೆಯೊಳಗೆ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ, ಅದನ್ನು ನೋಡಲು ಬೀದಿಯೆಲ್ಲ ಜನ. ಆ ಗುಂಪಿನಲ್ಲಿ ಸಿಂಧು ಬೇಡ ಅಂದರೂ ಯಾರಿಗಾದರೂ ಢಿಕ್ಕಿ ಹೊಡೆಯಲೇಬೇಕು.

ನಿಮ್ಮ ಹುಡುಗಿ ಧಾರವಾಡದವಳಾದರೆ, ಮಂಗಳೂರಿನವಳಾದರೆ ಅಲ್ಲಿಯ ಹಬ್ಬ, ಅಲ್ಲಿಯ ಮಳೆ, ಅಲ್ಲಿಯ ತಿಂಡಿ ಹಾಕಿ. ನೀವು ಓಡಾಡಿದ ಬೀದಿಗಳನ್ನೇ ಬರೆಯಿರಿ. ನೋಡದ ಊರನ್ನು ಮೊಬೈಲ್ ಮ್ಯಾಪ್ ನೋಡಿ ಬರೆದರೆ ಆ ಊರಿನ ಓದುಗರು ಎರಡನೇ ಪುಟಕ್ಕೇ ಹಿಡಿದು ಬಿಡುತ್ತಾರೆ.

ಹೆಜ್ಜೆ 5: ಸುತ್ತಲಿನ ಜನ

ಹಗುರ ಕತೆಗೆ ಉಸಿರು ಕೊಡುವವರು ಇವರು. ನಾಲ್ಕೈದು ಜನ ಸಾಕು. ಪ್ರತಿಯೊಬ್ಬರಿಗೂ ಸಿಂಧುವಿಗೆ ಸಂಬಂಧವೇ ಇಲ್ಲದ ಸ್ವಂತದ್ದೊಂದು ಚಿಂತೆ ಕೊಡಿ. ಅದಿಲ್ಲದಿದ್ದರೆ ಎಲ್ಲರೂ ಅವಳಿಗೆ ಬುದ್ಧಿ ಹೇಳುವುದಕ್ಕೆಂದೇ ಬಂದವರ ಥರ ಕಾಣುತ್ತಾರೆ.

ಓನರ್ ಆಂಟಿಗೆ ಮೇಲಿನ ಟ್ಯಾಂಕಿನ ನೀರಿನ ಚಿಂತೆ. ಕಾವೇರಿ ನೀರು ಬಿಡುವ ದಿನ ಬೆಳಗ್ಗೆ ಐದಕ್ಕೆ ಮೋಟರ್ ಹಾಕಬೇಕು. ಅವರಿಗೆ ಮಂಡಿನೋವು. ಹಾಗಾಗಿ ಆ ಕೆಲಸ ಸಿಂಧುವಿಗೆ ಬೀಳುತ್ತದೆ. ಮಲಗಿದ್ದಲ್ಲಿಂದ ಏಳಲು ಮನಸ್ಸಿಲ್ಲದ ದಿನಗಳಲ್ಲಿ ಅವಳನ್ನು ಎಬ್ಬಿಸಿದ್ದು ಯಾವ ಸ್ಫೂರ್ತಿಯ ಮಾತೂ ಅಲ್ಲ, ಆ ಮೋಟರ್. ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಬೇಡಿ. ಸುಮ್ನೆ ಅವಳು ಬೆಳಗ್ಗೆ ಐದಕ್ಕೆ ಮೆಟ್ಟಿಲಿಳಿಯುವುದನ್ನು ಅಲ್ಲಲ್ಲಿ ತೋರಿಸಿ.

ಗೆಳತಿ ರೇಖಾ ವಾಪಸ್ ಬರುವುದು ಸುಲಭವಾಗಬಾರದು. ಅವಳಿಗೆ ಕೋಪ ಇದೆ, ಇರಲೇಬೇಕು. ವರ್ಷಗಟ್ಟಲೆ ಸರಿಯಾಗಿ ಫೋನ್ ಮಾಡದವಳು ಈಗ ಕಷ್ಟ ಬಂತು ಅಂತ ಬಂದಿದ್ದಾಳೆ.

"ಈಗ ನೆನಪಾಯ್ತಾ ನಾನು?"

"ಬಯ್ಯೇ. ಬಯ್ಸ್ಕೊಳ್ಳೋಕೆ ಅಂತಾನೇ ಬಂದಿದೀನಿ."

"ಊಟ ಆಗಿದ್ಯಾ?"

"ಇಲ್ಲ."

"ಹಾಗಾದ್ರೆ ಮೊದಲು ಊಟ ಮಾಡು. ಹೊಟ್ಟೆ ಹಸ್ಕೊಂಡಿರೋರನ್ನ ಬಯ್ಯೋಕಾಗಲ್ಲ ನಂಗೆ."

ಇಂಥ ಮಾತುಕತೆಯಲ್ಲಿ ಮಾತ್ರ ಆಡುಭಾಷೆ ಪೂರ್ತಿ ಬರಲಿ, ನಿರೂಪಣೆ ಸರಳ ಬರಹದ ಕನ್ನಡದಲ್ಲಿರಲಿ. ಬರೆದದ್ದನ್ನು ಜೋರಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಿ.

ಅಪ್ಪನನ್ನು ಮರೆಯಬೇಡಿ. ನಮ್ಮ ಕತೆಗಳಲ್ಲಿ ಅಪ್ಪ ಪೇಪರ್ ಹಿಂದೆ ಕೂತೇ ಇರುತ್ತಾರೆ. ಸಿಂಧುವಿನ ಅಪ್ಪನಿಗೆ ಛತ್ರದ ಅಡ್ವಾನ್ಸಿನದ್ದೇ ಕೊರಗು. ಛತ್ರದವರು ದುಡ್ಡು ವಾಪಸ್ ಕೊಡಲು ಒಪ್ಪುವುದಿಲ್ಲ. ಒಂದು ವರ್ಷದೊಳಗೆ ಬೇರೆ ಕಾರ್ಯಕ್ಕೆ ಬಳಸಿಕೊಳ್ಳಿ ಅನ್ನುತ್ತಾರೆ. ಬೇರೆ ಕಾರ್ಯ ಎಲ್ಲಿಂದ ತರುವುದು? ಇದು ಪುಸ್ತಕದ ಉದ್ದಕ್ಕೂ ಹರಿಯುವ ಸಣ್ಣ ಎಳೆ. ಅಪ್ಪನಿಗೆ ಈ ವರ್ಷ ಅರವತ್ತು ತುಂಬುತ್ತದೆ ಅಂತ ಮುಕ್ಕಾಲು ಪುಸ್ತಕ ಆದಮೇಲೆ ಯಾರಿಗೋ ಹೊಳೆಯಲಿ. ಷಷ್ಟಿಪೂರ್ತಿ! ಮಗಳ ಮದುವೆ ಆಗಬೇಕಿದ್ದ ಅದೇ ಛತ್ರದಲ್ಲಿ ಅಪ್ಪ ಅಮ್ಮನಿಗೆ ಮತ್ತೆ ತಾಳಿ ಕಟ್ಟುತ್ತಾರೆ. ಮಗಳು ಮುಂದೆ ನಿಂತು ಎಲ್ಲ ಓಡಾಡುತ್ತಾಳೆ. ಯಾರ ಕಣ್ಣಲ್ಲೂ ಅಯ್ಯೋ ಪಾಪ ಇಲ್ಲ. ನನ್ನ ಮಟ್ಟಿಗೆ ಈ ಕಾದಂಬರಿಯ ದೊಡ್ಡ ದೃಶ್ಯ ಇದೇ, ಹೊಸ ಪ್ರೇಮದ ದೃಶ್ಯ ಅಲ್ಲ.

ಹೆಜ್ಜೆ 6: ನೋವನ್ನು ಕದಿಯಬೇಡಿ

ಹಗುರ ಅಂದರೆ ನೋವೇ ಇಲ್ಲ ಅಂತಲ್ಲ. ಮೂರು ನಾಲ್ಕು ಕಡೆ ಅವಳಿಗೆ ನಿಜವಾಗಿ ನೋವಾಗಬೇಕು, ಅಲ್ಲಿ ನಗಿಸಲು ಹೋಗಬಾರದು. ಜ್ವರ ಬಂದ ರಾತ್ರಿ ಒಂದು ಲೋಟ ನೀರು ಕೊಡುವವರಿಲ್ಲ. ಒಬ್ಬಳೇ ಎದ್ದು ಹೋಗಿ ನೀರು ಕುಡಿದು ಮಲಗುತ್ತಾಳೆ. ಅಷ್ಟೇ ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿ.

ಒಂದು ಅಳತೆ ಹೇಳುತ್ತೇನೆ: ನಗು ಬರಬೇಕಾದದ್ದು ಅವಳ ಸುತ್ತ ನಡೆಯುವುದರಿಂದ. ಅವಳ ದುಃಖವನ್ನೇ ತಮಾಷೆ ಮಾಡಿದರೆ ಓದುಗರು ಅವಳ ಕಡೆಯಿಂದ ಎದ್ದು ಹೋಗುತ್ತಾರೆ. ದಪ್ಪಗಾದಳು, ಐಸ್‌ಕ್ರೀಮ್ ಡಬ್ಬ ಖಾಲಿ ಮಾಡಿದಳು, ಕುಡಿದು ಹಳೆ ಹುಡುಗನಿಗೆ ಫೋನ್ ಮಾಡಿದಳು ಅನ್ನುವಂಥದ್ದೆಲ್ಲ ಬೇರೆ ದೇಶದ ಸಿನಿಮಾದಿಂದ ಬಂದ ಎರವಲು. ಹನುಮಂತನಗರದ ಹುಡುಗಿ ದುಃಖ ಆದರೆ ಏನು ಮಾಡುತ್ತಾಳೆ ಅಂತ ಯೋಚನೆ ಮಾಡಿ. ಬಹುಶಃ ಕಪಾಟು ಪೂರ್ತಿ ಖಾಲಿ ಮಾಡಿ, ಬಟ್ಟೆ ಮತ್ತೆ ಮಡಚಿಡುತ್ತಾಳೆ.

ಹೆಜ್ಜೆ 7: ಹೊಸ ಹುಡುಗ ತಡವಾಗಿ ಬರಲಿ, ಆದರೆ ಬೇಗ ಕಾಣಿಸಲಿ

ಎರಡೂ ಹೇಗೆ ಸಾಧ್ಯ ಅಂತೀರಾ? ಅವನು ಮೊದಲ ಎರಡು ಅಧ್ಯಾಯದಲ್ಲೇ ಒಂದು ಸಲ ಹಾದು ಹೋಗಲಿ. ಓದುಗರಿಗೆ ಅನುಮಾನ ಬರಲಿ, ಅವಳಿಗೆ ಬರದಿರಲಿ. ಪ್ರೀತಿಯ ಮಾತು ಅರ್ಧ ಪುಸ್ತಕ ದಾಟುವವರೆಗೆ ಬೇಡ.

ಸಿಂಧುವಿನ ಬಾಡಿಗೆ ಕರಾರು ಟೈಪ್ ಮಾಡುವ ಜೆರಾಕ್ಸ್ ಅಂಗಡಿಯ ರಾಘು ಅವನು ಅಂತ ಇಟ್ಟುಕೊಳ್ಳೋಣ. ಅವನು ಕೀಬೋರ್ಡಿನಿಂದ ತಲೆ ಎತ್ತದೇ ಕೇಳುತ್ತಾನೆ, "ಮೇಡಂ, ಹೆಸರಿನ ಮುಂದೆ ಬಿನ್ ಹಾಕ್ಲಾ, ಕೋಂ ಹಾಕ್ಲಾ?" ಅಪ್ಪನ ಹೆಸರಾ, ಗಂಡನ ಹೆಸರಾ? ದಿನಕ್ಕೆ ಹತ್ತು ಜನರನ್ನು ಕೇಳುವ ಪ್ರಶ್ನೆ. ಸಿಂಧುವಿಗೆ ಬಾಯೇ ಹೊರಡುವುದಿಲ್ಲ. ಅವನು ತಲೆ ಎತ್ತಿ ನೋಡುತ್ತಾನೆ, ಇನ್ನೇನೂ ಕೇಳುವುದಿಲ್ಲ. "ಆಧಾರ್ ಕೊಡಿ, ಅದ್ರಲ್ಲಿ ಇರೋ ಹಾಗೇ ಹಾಕ್ತೀನಿ" ಅನ್ನುತ್ತಾನೆ. ಅವನು ಎಂಥವನು ಅಂತ ಈ ಒಂದು ಮಾತಿನಲ್ಲೇ ಓದುಗರಿಗೆ ಗೊತ್ತಾಯಿತು.

ಹೊಸ ಹುಡುಗನಿಗೆ ಎರಡು ಗುಣ ಬೇಕೇ ಬೇಕು. ಅವನಿಗೆ ಅವನದೇ ಬದುಕು ಇರಬೇಕು, ಅವಳನ್ನು ರಿಪೇರಿ ಮಾಡುವುದೇ ಅವನ ಕೆಲಸ ಆಗಬಾರದು. ಎರಡನೆಯದು, ಅವಳು ಪಟ್ಟಿಯಿಂದ ವಾಪಸ್ ಪಡೆದದ್ದಕ್ಕೆ ಅವನು ಅಡ್ಡ ಬರಬಾರದು. ರಾಘು ಕಾಫಿ ಕುಡಿಯದಿದ್ದರೂ ಪರವಾಗಿಲ್ಲ, ಸಿಂಧು ಈ ಸಲ ತನಗೆ ಕಾಫಿ, ಅವನಿಗೆ ಟೀ ಅಂತ ಬೇರೆ ಬೇರೆ ಮಾಡುತ್ತಾಳಾ ಅನ್ನುವುದು ಮುಖ್ಯ. ಅವಳು ಹೋಟೆಲಿನಲ್ಲಿ ಜೋರಾಗಿ ನಕ್ಕಾಗ ಅವನು ಏನು ಮಾಡುತ್ತಾನೆ? ಪರಿಷೆಯ ಗಲಾಟೆಯಲ್ಲಿ, ಕಡಲೆಕಾಯಿ ಪೊಟ್ಟಣ ಹಿಡಿದು, ಅವಳು ಕೈ ಅಡ್ಡ ಇಡದೆ ನಗುವ ದೃಶ್ಯ ಬರೆಯಿರಿ. ಅವನು ನಗುತ್ತಾ ಇನ್ನೊಂದು ಹಿಡಿ ಕಡಲೆಕಾಯಿ ಅವಳ ಕೈಗೆ ಸುರಿಯಲಿ. ಮುತ್ತು ಬೇಡ, ಇದೇ ಸಾಕು.

ನಮ್ಮ ಪ್ರೇಮಕತೆಯಲ್ಲಿ "ನೀವು" ಅನ್ನುವುದು "ನೀನು" ಆಗುವ ಗಳಿಗೆ ಒಂದು ದೊಡ್ಡ ಘಟನೆ. ಅದನ್ನು ಗಮನ ಇಲ್ಲದೆ ದಾಟಿಬಿಡಬೇಡಿ. ರಾಘು ತಿಂಗಳುಗಟ್ಟಲೆ "ಮೇಡಂ, ಬನ್ನಿ" ಅನ್ನುತ್ತಾನೆ. ಆಮೇಲೆ "ಸಿಂಧು ಅವರೇ". ಒಂದು ದಿನ ರಸ್ತೆ ದಾಟುವಾಗ ಬಸ್ ಬಂದದ್ದು ನೋಡಿ "ಏ, ನೋಡ್ಕೊಂಡು ಬಾ!" ಅಂತ ಕೂಗುತ್ತಾನೆ. ಇಬ್ಬರೂ ಆ ಕಡೆ ಸೇರಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಮುಂದಿನ ವಾಕ್ಯದಲ್ಲಿ ಅವನು "ನೀವು"ಗೆ ವಾಪಸ್ ಹೋಗುತ್ತಾನೋ ಇಲ್ಲವೋ ಅಂತ ಓದುಗರು ಉಸಿರು ಹಿಡಿದು ಕಾಯುತ್ತಾರೆ.

ಹೆಜ್ಜೆ 8: ಕೊನೆ

ಮದುವೆಯಲ್ಲಿ ಮುಗಿಸಬೇಕಾಗಿಲ್ಲ. ಮುಗಿಸಬಾರದು ಅಂತಲೂ ಇಲ್ಲ. ಆದರೆ ಹೊಸ ಹುಡುಗನನ್ನು ಕೊನೆಯ ಅಧ್ಯಾಯದಿಂದ ತೆಗೆದು ನೋಡಿ. ಆಗಲೂ ಅವಳು ಚೆನ್ನಾಗಿದ್ದಾಳಾ? ಹೌದು ಅಂದರೆ ಪುಸ್ತಕ ಗೆದ್ದಿತು, ಈಗ ಅವನನ್ನು ಧೈರ್ಯವಾಗಿ ವಾಪಸ್ ಹಾಕಿ. ಇಲ್ಲ ಅಂದರೆ ಎರಡನೇ ಹೆಜ್ಜೆಯ ಪಟ್ಟಿಗೆ ಹಿಂತಿರುಗಿ, ಯಾವುದೋ ಮುಖ್ಯವಾದದ್ದು ಬಾಕಿ ಇದೆ.

ನಾನಾದರೆ ಫೆಬ್ರವರಿ ಕೊನೆಯಲ್ಲಿ, ಕರಾರು ನವೀಕರಿಸುವ ದಿನ ನಿಲ್ಲಿಸುತ್ತೇನೆ. ಇನ್ನೂ 11 ತಿಂಗಳು, ಅದೇ ಮನೆ, ಅವಳೊಬ್ಬಳದೇ ಹೆಸರು. ಈ ಸಲ ರಾಘು ಕೇಳದೇ ಬಿನ್ ಅಂತ ಟೈಪ್ ಮಾಡುತ್ತಾನೆ. ಅವಳು ಬಾಡಿಗೆ ಐದು ಪರ್ಸೆಂಟ್ ಜಾಸ್ತಿ ಆಯಿತು ಅಂತ ಅವನ ಹತ್ತಿರ ಗೊಣಗುತ್ತಾಳೆ. ಇಬ್ಬರೂ ಷಟರ್ ಎಳೆದು ಮಸಾಲೆ ದೋಸೆಗೆ ಹೊರಡುತ್ತಾರೆ, ಅವಳು ಸ್ಕೂಟಿ ಓಡಿಸುತ್ತಾಳೆ, ಅವನು ಹಿಂದೆ.

ಹೆಜ್ಜೆ 9: ಬರೆದು ಮುಗಿಸುವುದು, ಕಳಿಸುವುದು

200 ಪುಟ ಅಂದರೆ ಸುಮಾರು 40,000 ಪದ. ದಿನಕ್ಕೆ 500 ಪದ ಬರೆದರೆ ಮೂರು ತಿಂಗಳಲ್ಲಿ ಮೊದಲ ಕರಡು ಆಗುತ್ತದೆ. ಟೈಪ್ ಮಾಡಲು ಕಷ್ಟ ಅಂದರೆ ಮೊಬೈಲಿನಲ್ಲಿ ಕನ್ನಡದಲ್ಲೇ ಹೇಳಿ ಬರೆಸಬಹುದು. ಮಾತುಕತೆಯ ಭಾಗಗಳಿಗೆ ಇದು ತುಂಬಾ ಚೆನ್ನಾಗಿ ಕೂರುತ್ತದೆ. ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಮಾತ್ರ ಆಮೇಲೆ ಕೂತು ತಿದ್ದಬೇಕು. ಮೊಬೈಲಿನಲ್ಲಿ ಬರುವ ಯುನಿಕೋಡ್ ಅಕ್ಷರದಲ್ಲೇ ಇಟ್ಟುಕೊಳ್ಳಿ, ಯುನಿಕೋಡ್ ಅಲ್ಲದ ಫಾಂಟಿಗೆ ಬದಲಾಯಿಸುವಾಗ ಅಕ್ಷರ ಕೆಡಬಹುದು.

ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಮೂರು ಸಲ ಓದಿ. ಮೊದಲ ಸಲ ಪಟ್ಟಿ ಮಾತ್ರ ನೋಡಿ: ಬಿಟ್ಟುಕೊಟ್ಟದ್ದು ಯಾವುದು ಎಲ್ಲಿ ವಾಪಸ್ ಬಂತು. ಎರಡನೇ ಸಲ "ಅವಳಿಗೆ ಅನಿಸಿತು", "ಅವಳಿಗೆ ಅರಿವಾಯಿತು" ಅನ್ನುವ ವಾಕ್ಯಗಳಿಗೆಲ್ಲ ಗೆರೆ ಎಳೆಯಿರಿ, ಹೆಚ್ಚಿನದನ್ನು ತೆಗೆದುಹಾಕಿ. ಮೂರನೇ ಸಲ ಮಾತುಗಳನ್ನಷ್ಟೇ ಗಟ್ಟಿಯಾಗಿ ಓದಿ. ಒಬ್ಬರಿಗಾದರೂ ಓದಲು ಕೊಡಿ. "ಚೆನ್ನಾಗಿದೆ" ಅನ್ನುವವರಿಗಿಂತ "ಇಲ್ಲಿ ಬೋರ್ ಆಯ್ತು" ಅನ್ನುವವರು ಬೇಕು.

ಎಲ್ಲಿಗೆ ಕಳಿಸುವುದು? ಕಾದಂಬರಿಯೇ ಆಗಬೇಕು ಅಂತಿಲ್ಲ. ಕಾಫಿ ಫಿಲ್ಟರಿನ ಅಧ್ಯಾಯವನ್ನು ಸ್ವತಂತ್ರ ಸಣ್ಣಕತೆ ಮಾಡಿ ವಾರಪತ್ರಿಕೆಗೋ, ಯುಗಾದಿ ಅಥವಾ ದೀಪಾವಳಿ ವಿಶೇಷಾಂಕಕ್ಕೋ ಕಳಿಸಬಹುದು. ಪತ್ರಿಕೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕತೆ ಕೇಳುತ್ತವೆ. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟಣೆ ಅಂತಲೇ ಲೆಕ್ಕ ಹಿಡಿಯಬಹುದು, ಹಾಗಾಗಿ ಮೊದಲು ಎಲ್ಲಿಗೆ ಅಂತ ತೀರ್ಮಾನ ಮಾಡಿಕೊಳ್ಳಿ. ಪ್ರತಿಲಿಪಿಯಂಥ ಆ್ಯಪಿನಲ್ಲಿ ನೀವೇ ಕಂತು ಕಂತಾಗಿ ಹಾಕಬಹುದು. ಸ್ವಂತ ಪುಸ್ತಕ ಮಾಡಿಸುವುದಾದರೆ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಯಾರಾದರೂ ಅದಕ್ಕೇ ಅಂತ ದುಡ್ಡು ಕೇಳಿದರೆ ಯಾವ ಖರ್ಚು ಅಂತ ವಿಚಾರಿಸಿ.

ಕಂತಿನಲ್ಲಿ ಹಾಕುವವರಿಗೆ ಇನ್ನೊಂದು ಮಾತು. ಒಂದು ಕಂತಿಗೆ 1,200ರಿಂದ 1,500 ಪದ ಇರಲಿ, ವಾರದ ಒಂದೇ ದಿನ ತಪ್ಪದೆ ಬರಲಿ. ಮೊದಲ ಕಂತು ಹಾಕುವ ಮೊದಲೇ ಇಡೀ ಕತೆ ಬರೆದಾಗಿರಲಿ. ಎಂಟನೇ ಕಂತಿಗೆಲ್ಲ ಓದುಗರು "ರಾಘು ಸಿಂಧು ಮದುವೆ ಯಾವಾಗ? ಬೇಗ ಮಾಡ್ಸಿ" ಅಂತ ಬರೆಯಲು ಶುರು ಮಾಡುತ್ತಾರೆ. ಅಷ್ಟು ಪ್ರೀತಿಯಿಂದ ಕೇಳಿದವರಿಗೆಲ್ಲ ಉತ್ತರ ಕೊಡಿ, ಥ್ಯಾಂಕ್ಸ್ ಹೇಳಿ. ಒಂಬತ್ತನೇ ಕಂತನ್ನು ಮಾತ್ರ ನೀವು ಬರೆದಿಟ್ಟ ಹಾಗೇ ಹಾಕಿ.